ಕಾಂಡ್ಲಾ ಕೆಸರಿನ ಸೂಕ್ಷ್ಮಜೀವಿಗಳೂ ನಮ್ಮ ಸಿಂಪರಣೆಯ ಮದ್ದೂ

ಬೇಸಿಗೆಯಲ್ಲಿ ಕಾದ ಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆ ತಮಗೆಲ್ಲ ಪರಿಚಿತವಾದದ್ದೇ. ಅದನ್ನು ನಾವು ಮಣ್ಣಿನ ವಾಸನೆ ಎನ್ನುತ್ತೇವೆ. ನಿಜದಲ್ಲಿ ಅದು ಬಹುಪಾಲು ಮಣ್ಣಿನಲ್ಲಿ ವಾಸಿಸುವ ಒಂದು ಗುಂಪಿನ ಸೂಕ್ಷ್ಮಜೀವಿಗಳ ವಾಸನೆ. ಈ ಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು ಅದಕ್ಕೆ ಕಾರಣವೆಂದು 1965ರಲ್ಲಿ ತಿಳಿದುಬಂದಿತು. ದಾಳಿಂಬೆಗೆ ಹೊಡೆಯುವ ಸ್ಟ್ರೆಪ್ಟೊಸೈಕ್ಲಿನ್ ಪುಡಿ, ಮುಸುಕಿನ ಜೋಳದ ಸುಳಿಗೆ ಹಾಕುವ ಎಮಾಮೆಕ್ಟಿನ್, ಹಸುವಿನ ಕೆಚ್ಚಲು ಬಾವಿಗೆ ಪಶುವೈದ್ಯರು ಕೊಡುವ ಕೆಲವು ಚುಚ್ಚುಮದ್ದುಗಳು, ಇವುಗಳ ಮೂಲವೂ ಅದೇ ಗುಂಪಿನ ಜೀವಿಗಳೇ.

ಈ ಗುಂಪಿಗೆ ಆಕ್ಟಿನೋಮೈಸಿಟ್‌ಗಳು ಎಂದು ಹೆಸರು. ಇವು ಬ್ಯಾಕ್ಟೀರಿಯಾ, ಎಂದರೆ ದುಂಡಾಣುಗಳ ಜಾತಿಗೆ ಸೇರಿದವು. ಆದರೆ ಬೂಷ್ಟಿನಂತೆ ಎಳೆ ಎಳೆಯಾಗಿ ಬೆಳೆದು, ಎಳೆಗಳ ತುದಿಯಲ್ಲಿ ಬೀಜದಂತಹ ಕಣಗಳನ್ನು ಬಿಡುತ್ತವೆ. ತಿಪ್ಪೆಗುಂಡಿಯ ಗೊಬ್ಬರ ಚೆನ್ನಾಗಿ ಬಿಸಿಯೇರಿ ಕಳಿಯುವಾಗ ಪದರಗಳ ನಡುವೆ ಬೂದಿ ಎರಚಿದಂತೆ ಬಿಳಿಯ ಪುಡಿ ಕಾಣುವುದನ್ನು ತಾವು ಗಮನಿಸಿರಬಹುದು. ಗೊಬ್ಬರ ಕೆಟ್ಟಿತೆಂದು ಕೆಲವರು ಅದನ್ನು ಎಸೆಯುವುದುಂಟು. ಹಾಗೆ ಮಾಡಬೇಕಾಗಿಲ್ಲ. ಅದು ಬಹುಮಟ್ಟಿಗೆ ಇವೇ ಜೀವಿಗಳ ಬೆಳವಣಿಗೆ. ನಾರು, ತೊಗಟೆ, ಕಡ್ಡಿಗಳಂತಹ ಬೇರೆ ದುಂಡಾಣುಗಳು ಬೇಗ ಮುಟ್ಟದ ಗಟ್ಟಿ ಪದಾರ್ಥಗಳನ್ನು ಇವು ಕರಗಿಸುತ್ತವೆ. ಹುಳಿ ಮಣ್ಣು ಇವಕ್ಕೆ ಒಗ್ಗದು. ಒಣ ಭೂಮಿಯನ್ನು ಮಾತ್ರ ಚೆನ್ನಾಗಿ ತಡೆದುಕೊಳ್ಳುತ್ತವೆ. ಗೌರಿಬಿದನೂರು, ಕುಡುಮಲಕುಂಟೆ ಕಡೆಯ ಕೆಂಪು ಭೂಮಿಯಲ್ಲಿ ತಿಂಗಳುಗಟ್ಟಲೆ ಮಳೆ ಇಲ್ಲದಿದ್ದರೂ ಇವುಗಳ ಬೀಜಕಣಗಳು ಸಾಯದೆ ಉಳಿದು ಹದ ಬಂದಾಗ ಚಿಗುರುತ್ತವೆ.

ಇವೆಲ್ಲ ನಮಗೆ ಉಪಕಾರಿಗಳೇ ಎಂದೂ ತಿಳಿಯಬಾರದು. ಆಲೂಗಡ್ಡೆಯ ಸಿಪ್ಪೆಯ ಮೇಲೆ ಕಜ್ಜಿ ಎಬ್ಬಿಸಿ ಮಾರುಕಟ್ಟೆಯಲ್ಲಿ ಬೆಲೆ ಇಳಿಸುವ ಹುರುಕು ರೋಗವೂ ಈ ಗುಂಪಿನ ಒಂದು ಜಾತಿಯದೇ ಕೆಲಸ.

ಗೊಬ್ಬರದ ಹೊಲದಿಂದ ಬಂದ ಮದ್ದು

ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸೆಲ್ಮನ್ ವಾಕ್ಸ್‌ಮನ್ ಎಂಬ ಮಣ್ಣು ವಿಜ್ಞಾನಿಯ ಬಳಿ ಆಲ್ಬರ್ಟ್ ಶಾಟ್ಜ್ ಎಂಬ ತರುಣ ವಿದ್ಯಾರ್ಥಿ ಕೆಲಸ ಮಾಡುತ್ತಿದ್ದ. ಕ್ಷಯರೋಗದ ದುಂಡಾಣುವನ್ನು ಕೊಲ್ಲುವ ವಸ್ತುವನ್ನು ತಯಾರಿಸುವ ಜೀವಿಯೊಂದನ್ನು ಅವನು 1943ರಲ್ಲಿ ಬೇರ್ಪಡಿಸಿದ. ಅದರ ಎರಡು ತಳಿಗಳು ದೊರೆತವು. ಒಂದು ಸಿಕ್ಕಿದ್ದು ಹೇರಳವಾಗಿ ಕೊಟ್ಟಿಗೆ ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿ, ಇನ್ನೊಂದು ಕೋಳಿಯ ಗಂಟಲಿನಲ್ಲಿ. ಆ ಜೀವಿ ಸ್ಟ್ರೆಪ್ಟೊಮೈಸಿಸ್ ಗ್ರೀಸಿಯಸ್, ಅದರ ವಸ್ತು ಸ್ಟ್ರೆಪ್ಟೊಮೈಸಿನ್. ಕ್ಷಯಕ್ಕೆ ದೊರೆತ ಮೊದಲ ಪ್ರಬಲ ಮದ್ದು ಅದು. ವಾಕ್ಸ್‌ಮನ್‌ಗೆ 1952ರಲ್ಲಿ ನೊಬೆಲ್ ಬಹುಮಾನ ಬಂದಿತು, ಶಾಟ್ಜ್‌ಗೆ ಬರಲಿಲ್ಲ. ಅಗರ್ ತಟ್ಟೆಗಳ ಮುಂದೆ ಹಗಲಿರುಳು ಕುಳಿತಿದ್ದವನು ಅವನೇ ಆದುದರಿಂದ ಆ ನಿರ್ಣಯ ನ್ಯಾಯವಾದುದೆಂದು ನನಗೆ ಅನಿಸುವುದಿಲ್ಲ.

ಟೆಟ್ರಾಸೈಕ್ಲಿನ್ ಬಳಗದ ಮೊದಲ ಮದ್ದಾದ ಆರಿಯೋಮೈಸಿನ್ ಬಂದದ್ದೂ ಕೃಷಿ ಸಂಶೋಧನೆಯ ಭೂಮಿಯಿಂದಲೇ. ಮಿಸೂರಿ ವಿಶ್ವವಿದ್ಯಾನಿಲಯದ ಸ್ಯಾನ್‌ಬಾರ್ನ್ ಪ್ರಯೋಗ ಕ್ಷೇತ್ರದಲ್ಲಿ 1888ರಿಂದ ಒಂದೇ ರೀತಿಯ ಬೇಸಾಯ ನಡೆಸಿಕೊಂಡು ಬಂದ ತಾಕುಗಳಿವೆ. ಹುಲ್ಲು ಬೆಳೆಯುತ್ತಿದ್ದ 23ನೇ ತಾಕಿನ ಮಣ್ಣಿನಿಂದ ಬೆಂಜಮಿನ್ ಡಗ್ಗರ್ ಆ ಜೀವಿಯನ್ನು ಪಡೆದು 1948ರಲ್ಲಿ ಪ್ರಕಟಿಸಿದರು. ಹಳೆಯ ತಾಕುಗಳನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ ಎಂದು ಕೃಷಿ ಕ್ಷೇತ್ರಕ್ಕೆ ಬಂದವರು ನಮ್ಮನ್ನು ಕೇಳುವುದುಂಟು. ಅವರಿಗೆ ಕೊಡಬಹುದಾದ ಉತ್ತರಗಳಲ್ಲಿ ಇದೂ ಒಂದು.

ನಮ್ಮ ದೇಶದಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಸ್ಥಾಪಿತವಾಯಿತು. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಮೈಸೂರು ಸೀಮೆಯ ಮಂಡ್ಯಂ ಮನೆತನದ ಡಾ. ಎಂ. ಜೆ. ತಿರುಮಲಾಚಾರ್. ಅವರೂ ಸಂಗಡಿಗರೂ ಭಾರತದ ಮಣ್ಣಿನ ಜೀವಿಗಳಿಂದಲೇ ಹ್ಯಾಮೈಸಿನ್, ಆರಿಯೋಫಂಜಿನ್ ಎಂಬ ಶಿಲೀಂಧ್ರನಾಶಕಗಳನ್ನು ಕಂಡುಹಿಡಿದರು. ಆರಿಯೋಫಂಜಿನ್ ಬೆಳೆಗಳ ಬೂಷ್ಟು ರೋಗಗಳಿಗೆಂದೇ ಬಳಕೆಗೆ ಬಂದಿತು. ತಮಗೆ ಪರಿಚಿತವಾದ ಸ್ಟ್ರೆಪ್ಟೊಸೈಕ್ಲಿನ್ ಪುಡಿಯೂ ಆ ಕಾರ್ಖಾನೆಯದೇ. ಅದರಲ್ಲಿ ಸ್ಟ್ರೆಪ್ಟೊಮೈಸಿನ್ ಒಂಬತ್ತು ಪಾಲು, ಟೆಟ್ರಾಸೈಕ್ಲಿನ್ ಒಂದು ಪಾಲು ಇರುತ್ತದೆ.

ಎಮಾಮೆಕ್ಟಿನ್ ವಿಷಯವೂ ಹೀಗೆಯೇ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕಡೆ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಜುಲೈ ವೇಳೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಮುಸುಕಿನ ಜೋಳವನ್ನೂ ಹೊಕ್ಕಿದ್ದು ತಮಗೆ ನೆನಪಿರಬಹುದು. ಆಗಿನಿಂದ ಸುಳಿಗೆ ಸಿಂಪಡಿಸುತ್ತಿರುವ ಎಮಾಮೆಕ್ಟಿನ್ ಬೆಂಜೊಯೇಟ್‌ನ ಮೂಲ ಜಪಾನಿನ ಮಣ್ಣಿನ ಒಂದು ಸ್ಟ್ರೆಪ್ಟೊಮೈಸಿಸ್. ಅದನ್ನು ಹುಡುಕಿದ ಸತೋಶಿ ಒಮುರಾ ಅವರು 2015ರ ನೊಬೆಲ್ ಬಹುಮಾನದ ಪಾಲುದಾರರು.

ಕಡಲಂಚಿನ ಕೆಸರಿಗೆ ಹೋದದ್ದೇಕೆ?

ಹಲವು ದಶಕಗಳ ಕಾಲ ಲೋಕದ ನಾನಾ ದೇಶಗಳ ಹೊಲ, ಕಾಡು, ತೋಟಗಳ ಮಣ್ಣನ್ನು ಶೋಧಿಸಿದ ಮೇಲೆ ವಿಜ್ಞಾನಿಗಳಿಗೆ ಒಂದು ತೊಡಕು ಎದುರಾಯಿತು. ಹೊಸ ಮಣ್ಣಿನಿಂದ ತಂದ ಜೀವಿಯೂ ಹಳೆಯ ಮದ್ದನ್ನೇ ತಯಾರಿಸುತ್ತಿತ್ತು. ನೂರು ತಟ್ಟೆ ನೋಡಿದರೂ ಮತ್ತೆ ಅದೇ ಸ್ಟ್ರೆಪ್ಟೊಮೈಸಿನ್, ಅದೇ ಟೆಟ್ರಾಸೈಕ್ಲಿನ್. ಇತ್ತ ರೋಗಾಣುಗಳು ಹಳೆಯ ಮದ್ದುಗಳಿಗೆ ಬಗ್ಗದಂತಾಗುತ್ತಿದ್ದವು. ಆದುದರಿಂದ ಯಾರೂ ಹೆಚ್ಚಾಗಿ ಕೈಹಾಕದ ಮಣ್ಣುಗಳ ಕಡೆಗೆ ದೃಷ್ಟಿ ಹರಿಯಿತು. ಮರುಭೂಮಿ, ಕಡಲತಳ, ಉಪ್ಪಿನ ಭೂಮಿ ಇವುಗಳ ಜೊತೆಗೆ ಕಾಂಡ್ಲಾ ವನದ ಕೆಸರೂ ಸೇರಿತು.

ಬಯಲುಸೀಮೆಯ ನಮ್ಮ ಓದುಗರಲ್ಲಿ ಅನೇಕರು ಕಾಂಡ್ಲಾ ಗಿಡಗಳನ್ನು ನೋಡಿರಲಾರರು. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ, ಸಿಹಿನೀರೂ ಉಪ್ಪುನೀರೂ ಬೆರೆಯುವ ಕಡೆ, ಕೊಡೆಯ ಕಡ್ಡಿಗಳಂತೆ ಊರುಗೋಲು ಬೇರುಗಳನ್ನು ಇಳಿಬಿಟ್ಟು ನಿಲ್ಲುವ ಗಿಡಗಳು ಇವು. ಕೆಲವು ಜಾತಿಗಳು ಉಸಿರಾಟಕ್ಕಾಗಿ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಗೂಟದಂತೆ ಚಾಚುತ್ತವೆ. ನಮ್ಮ ರಾಜ್ಯದಲ್ಲಿ ಕಾರವಾರದ ಕಾಳಿ, ಕುಮಟೆಯ ಅಘನಾಶಿನಿ, ಹೊನ್ನಾವರದ ಶರಾವತಿ, ಕುಂದಾಪುರದ ಹೊಳೆಗಳ ಅಳಿವೆಗಳಲ್ಲಿ ಇವು ಇವೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ 2021ರ ವರದಿಯಂತೆ ಕರ್ನಾಟಕದ ಕಾಂಡ್ಲಾ ವನ ಒಟ್ಟು ಸುಮಾರು 13 ಚದರ ಕಿಲೋಮೀಟರು ಮಾತ್ರ. ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. ಆ ಅಳಿವೆಯ ಗಜನಿ ಭೂಮಿಯಲ್ಲಿ ಉಪ್ಪನ್ನು ತಡೆಯುವ ಕಗ್ಗ ಭತ್ತವನ್ನು ರೈತರು ತಲೆಮಾರುಗಳಿಂದ ಬೆಳೆದುಕೊಂಡು ಬಂದಿದ್ದಾರೆ.

ಕುಡುಮಲಕುಂಟೆಗೂ ಕಡಲಿಗೂ ಏನು ಸಂಬಂಧ ಎನ್ನಬೇಡಿ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರನ್ನು ಹಾದುಹೋಗುವ ಉತ್ತರ ಪಿನಾಕಿನಿ ಕೊನೆಗೆ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಆ ಕರಾವಳಿಯಲ್ಲಿಯೂ ಚಿಕ್ಕ ಚಿಕ್ಕ ಕಾಂಡ್ಲಾ ತೋಪುಗಳಿವೆ. ಇಂದು ನಮ್ಮ ಕಡೆ ನದಿಯ ಪಾತ್ರದಲ್ಲಿ ಮರಳಿಗಿಂತ ಜಾಲಿಯೇ ಹೆಚ್ಚಾಗಿ ಕಾಣುವ ಸ್ಥಿತಿ ಬಂದಿದೆ, ಅದು ಬೇರೆಯ ಮಾತು.

ಕಾಂಡ್ಲಾ ಕೆಸರಿನಲ್ಲಿ ದಿನಕ್ಕೆ ಎರಡು ಸಲ ಭರತ ಬಂದು ಇಳಿಯುತ್ತದೆ. ಉಪ್ಪು ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಮೇಲಿನ ತೆಳುವಾದ ಪದರವನ್ನು ಬಿಟ್ಟರೆ ಕೆಳಗೆ ಗಾಳಿಯೇ ಇಲ್ಲ. ಕೆಸರು ಕಪ್ಪಾಗಿದ್ದು, ಕಲಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಇದು ಗಂಧಕದ ಅನಿಲ. ಬಿದ್ದ ಎಲೆಗಳಲ್ಲಿ ತೊಗರು ಹೆಚ್ಚು. ಇಂತಹ ಕಡೆ ಬದುಕುವ ಜೀವಿ ಹೊಲದ ಜೀವಿಯಂತೆಯೇ ಇದ್ದರೆ ಉಳಿಯಲಾರದು. ಉಣಿಸಿಗಾಗಿ, ಜಾಗಕ್ಕಾಗಿ ಅಲ್ಲಿ ಪೈಪೋಟಿಯೂ ಹೆಚ್ಚು. ಆದುದರಿಂದ ಅಲ್ಲಿಯ ಆಕ್ಟಿನೋಮೈಸಿಟ್‌ಗಳು ಬೇರೆ ಬಗೆಯ ವಸ್ತುಗಳನ್ನು ತಯಾರಿಸಬಹುದೆಂಬುದು ವಿಜ್ಞಾನಿಗಳ ತರ್ಕ. ತರ್ಕ ಸುಳ್ಳಾಗಲಿಲ್ಲ. ಚೀನಾದ ಕಾಂಡ್ಲಾ ಕೆಸರಿನಲ್ಲಿ ದೊರೆತ ಒಂದು ಹೊಸ ಜಾತಿಗೆ 2009ರಲ್ಲಿ ಸ್ಟ್ರೆಪ್ಟೊಮೈಸಿಸ್ ಷಿಯಾಮೆನೆನ್ಸಿಸ್ ಎಂದು ಹೆಸರಿಡಲಾಯಿತು. ತಮಿಳುನಾಡಿನ ಪಿಚಾವರಂ ಕಾಂಡ್ಲಾ ವನದ ಜೀವಿಗಳನ್ನು ಅಣ್ಣಾಮಲೈ ವಿಶ್ವವಿದ್ಯಾನಿಲಯದ ಪರಂಗಿಪೇಟೆ ಕೇಂದ್ರದವರು ಬಹುಕಾಲದಿಂದ ಅಭ್ಯಾಸ ಮಾಡುತ್ತಿದ್ದಾರೆ. ನಮ್ಮ ಕರಾವಳಿಯ ಕೆಸರಿನಿಂದಲೂ ದುಂಡಾಣುಗಳನ್ನು ತಡೆಯುವ ತಳಿಗಳು ದೊರೆತಿವೆ. ಕಡಲತಳದ ಸ್ಯಾಲಿನಿಸ್ಪೋರ ಎಂಬ ಇವುಗಳ ದಾಯಾದಿಯಂತೂ ಉಪ್ಪುನೀರಿಲ್ಲದೆ ಬೆಳೆಯುವುದೇ ಇಲ್ಲ. ಹಿಂದಿನವರು ಸಿಹಿನೀರಿನ ತಟ್ಟೆಗಳಲ್ಲಿ ಹುಡುಕುತ್ತಿದ್ದುದರಿಂದ ಅಂತಹವು ಕಣ್ಣಿಗೆ ಬಿದ್ದಿರಲಿಲ್ಲ.

ಹುಡುಕುವ ಬಗೆ

ಗಿಡದ ಬುಡದಿಂದ ತಂದ ಕೆಸರನ್ನು ನೆರಳಿನಲ್ಲಿ ಒಣಗಿಸಿ ಸ್ವಲ್ಪ ಹೊತ್ತು ಬಿಸಿಗೆ ಇಡುತ್ತಾರೆ. ಬೇಗ ಬೆಳೆಯುವ ಸಾಮಾನ್ಯ ದುಂಡಾಣುಗಳು ಈ ಬಿಸಿಗೆ ಸಾಯುತ್ತವೆ. ಆಕ್ಟಿನೋಮೈಸಿಟ್‌ಗಳ ಬೀಜಕಣಗಳು ಉಳಿಯುತ್ತವೆ. ಆ ಮಣ್ಣನ್ನು ನೀರಿನಲ್ಲಿ ಹಲವು ಸಲ ತಿಳಿಮಾಡಿ, ಪಿಷ್ಟವೂ ಸಮುದ್ರದ ನೀರೂ ಸೇರಿಸಿ ಗಂಜಿಯಂತೆ ಹೆಪ್ಪುಗಟ್ಟಿಸಿದ ತಟ್ಟೆಗಳ ಮೇಲೆ ಹರಡುತ್ತಾರೆ. ಸಾಮಾನ್ಯ ದುಂಡಾಣು ಒಂದೇ ದಿನದಲ್ಲಿ ಬೆಳೆದರೆ ಇವು ಒಂದರಿಂದ ಮೂರು ವಾರ ತೆಗೆದುಕೊಳ್ಳುತ್ತವೆ. ಸೀಮೆಸುಣ್ಣದ ಪುಡಿ ಉದುರಿಸಿದಂತಹ ಬೊಟ್ಟುಗಳು ಕಂಡರೆ ಅವನ್ನು ಒಂದೊಂದಾಗಿ ಎತ್ತಿ ಬೇರೆ ತಟ್ಟೆಯಲ್ಲಿ ಸಾಲು ಎಳೆದು, ಅದಕ್ಕೆ ಅಡ್ಡಲಾಗಿ ರೋಗಾಣುಗಳ ಸಾಲುಗಳನ್ನು ಎಳೆಯುತ್ತಾರೆ. ನೀಲಗಿರಿ ತೋಪಿನ ಅಂಚಿನಲ್ಲಿ ರಾಗಿ ಪೈರು ಹೇಗೆ ಏಳದೆ ಬರಿದಾಗಿ ಉಳಿಯುತ್ತದೆಯೋ ಹಾಗೆಯೇ ಸಾಲಿನ ಪಕ್ಕದಲ್ಲಿ ರೋಗಾಣು ಬೆಳೆಯದೆ ಬರಿಯ ಜಾಗ ಉಳಿದರೆ, ಈ ಜೀವಿ ಏನನ್ನೋ ಹೊರಬಿಡುತ್ತಿದೆ ಎಂದರ್ಥ.

ಇಷ್ಟಾದರೆ ಮದ್ದು ಸಿಕ್ಕಿತೆಂದಲ್ಲ. ಅದು ಹಳೆಯ ಮದ್ದೇ ಅಲ್ಲವೆಂದು ಖಚಿತವಾಗಬೇಕು. ಗಿಡ, ಪ್ರಾಣಿ, ಮನುಷ್ಯರಿಗೆ ವಿಷವಾಗಬಾರದು. ಬಿಸಿಲಿಗೂ ಮಳೆಗೂ ನಿಲ್ಲಬೇಕು. ತೊಟ್ಟಿಗಟ್ಟಲೆ ಬೆಳೆಸಿದಾಗ ಖರ್ಚಿಗೆ ಸರಿದೂಗುವಷ್ಟು ಬರಬೇಕು. ನೂರಾರು ತಳಿಗಳಲ್ಲಿ ಒಂದೂ ಈ ಮೆಟ್ಟಿಲುಗಳನ್ನೆಲ್ಲ ದಾಟದಿರಬಹುದು. ಕಾಂಡ್ಲಾ ಕೆಸರಿನ ಯಾವ ಪ್ರತಿಜೈವಿಕವೂ ಇಂದಿನವರೆಗೆ ರೈತನ ಸಿಂಪರಣಾ ಡಬ್ಬಕ್ಕೆ ಬಂದಿಲ್ಲ. ಆದುದರಿಂದ ಸಮುದ್ರದ ಸೂಕ್ಷ್ಮಜೀವಿ ಎಂಬ ಚೀಟಿ ಅಂಟಿಸಿದ ಬಾಟಲಿಯನ್ನು ಯಾರಾದರೂ ತಂದು ಎಲ್ಲ ರೋಗಕ್ಕೂ ಇದೇ ಮದ್ದೆಂದರೆ, ನೋಂದಣಿ ಸಂಖ್ಯೆಯನ್ನು ಕೇಳಿರಿ. ಕರಾವಳಿಯಿಂದ ಕೆಸರು ತಂದು ಹೊಲಕ್ಕೆ ಹಾಕುವ ಯೋಚನೆಯಂತೂ ಬೇಡವೇ ಬೇಡ. ಅದರ ಉಪ್ಪು ನಮ್ಮ ಭೂಮಿಯನ್ನು ಕೆಡಿಸುತ್ತದೆ. ಅದರಲ್ಲಿರುವ ಗಂಧಕ ಗಾಳಿಗೆ ಒಣಗಿದಾಗ ಆಮ್ಲವಾಗಿ ಮಾರ್ಪಡುತ್ತದೆ.

ಇದ್ದ ಮದ್ದು ಕೈತಪ್ಪದಿರಲು

ಹೊಸದು ಬರುವುದು ಇಷ್ಟು ಕಷ್ಟವಾದುದರಿಂದ ಇರುವುದನ್ನು ಹೇಗೆ ಬಳಸುತ್ತಿದ್ದೇವೆ ಎಂಬುದು ಮುಖ್ಯವಾಗುತ್ತದೆ. ಮದ್ದನ್ನು ತಯಾರಿಸುವ ಜೀವಿ ತನ್ನ ಮದ್ದಿಗೆ ತಾನೇ ಸಾಯಬಾರದಲ್ಲವೆ? ಅದಕ್ಕಾಗಿ ಅದರೊಳಗೆ ತಡೆಯುವ ಶಕ್ತಿಯ ವಂಶವಾಹಿಗಳೂ ಇರುತ್ತವೆ. ಇಂತಹ ವಂಶವಾಹಿಗಳು ಒಂದು ದುಂಡಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲವು. ಒಂದೇ ಮದ್ದನ್ನು ಮೇಲಿಂದ ಮೇಲೆ ಹೊಡೆದರೆ ಸಾಯುವವು ಸತ್ತು ತಡೆಯಬಲ್ಲವು ಮಾತ್ರ ಉಳಿದು ಹೆಚ್ಚುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೇರ್ ಹಣ್ಣಿನ ತೋಟಗಳಿಗೆ ಸ್ಟ್ರೆಪ್ಟೊಮೈಸಿನ್ ಹೊಡೆಯುತ್ತಿದ್ದರು. ಅದಕ್ಕೆ ಬಗ್ಗದ ಬೆಂಕಿರೋಗದ ದುಂಡಾಣು ಅಲ್ಲಿ 1971ರಲ್ಲಿಯೇ ಕಂಡುಬಂದಿತು. ನಮ್ಮ ದೇಶದಲ್ಲಿ ಈ ಮದ್ದು ಮನುಷ್ಯರ ಕ್ಷಯಕ್ಕೂ ಬಳಕೆಯಾದದ್ದು ಎಂಬುದನ್ನು ಮರೆಯಲಾಗದು. ಈ ಕಾರಣದಿಂದ ಕೇಂದ್ರ ಕೃಷಿ ಸಚಿವಾಲಯವು 2021ರ ಡಿಸೆಂಬರಿನಲ್ಲಿ ಒಂದು ಕರಡು ಆದೇಶ ಹೊರಡಿಸಿತು. ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳ ಆಮದು, ತಯಾರಿಕೆಯನ್ನು 2022ರ ಫೆಬ್ರವರಿ 1ರಿಂದಲೂ, ಬೇಸಾಯದಲ್ಲಿ ಬಳಕೆಯನ್ನು 2024ರ ಜನವರಿ 1ರಿಂದಲೂ ನಿಲ್ಲಿಸುವ ಪ್ರಸ್ತಾವ ಅದರಲ್ಲಿತ್ತು. ಅಂಗಡಿಯಲ್ಲಿ ಪೊಟ್ಟಣ ಸಿಕ್ಕಿತೆಂಬುದನ್ನೇ ಅನುಮತಿ ಎಂದು ತಿಳಿಯದೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಹಾಗಾದರೆ ದಾಳಿಂಬೆಯ ಗತಿಯೇನು ಎಂದು ತಾವು ಕೇಳುವಿರಿ. ಒಂದೇ ಮಳೆಗಾಲದಲ್ಲಿ ತೋಟದ ಕಾಯೆಲ್ಲ ಎಣ್ಣೆಚುಕ್ಕೆ ಬಂದು ಸೀಳಿ ಬಿದ್ದರೆ, ಸಾಲ ಮಾಡಿ ಹನಿ ನೀರಾವರಿ ಹಾಕಿಸಿದವರ ಸ್ಥಿತಿ ಏನೆಂದು ಬಲ್ಲೆವು. ಉತ್ತರ ಕರ್ನಾಟಕದಲ್ಲಿ ಎಷ್ಟೋ ಜನ ಈ ಅಂಗಮಾರಿಯಿಂದಲೇ ತೋಟ ಕಿತ್ತರು. ಆದರೆ ಈ ರೋಗ ಹತೋಟಿಗೆ ಬರುವುದು ಪುಡಿಯಿಂದಲ್ಲ, ತೋಟದ ಶುಚಿತ್ವದಿಂದ. ರೋಗವಿಲ್ಲದ ಸಸಿಗಳನ್ನೇ ತನ್ನಿ. ಮಳೆಗಾಲದ ಬೆಳೆಯನ್ನು ಬಿಟ್ಟು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹೂ ಬರುವಂತೆ ಹಸ್ತ ಬಹಾರ್ ಹಿಡಿಯಿರಿ. ಕೊಯ್ಲಿನ ನಂತರ ಗಿಡಕ್ಕೆ ಮೂರು ನಾಲ್ಕು ತಿಂಗಳು ವಿಶ್ರಾಂತಿ ಕೊಡಿ. ಸವರುವಾಗ ರೋಗ ತಗುಲಿದ ಜಾಗಕ್ಕಿಂತ ಎರಡು ಅಂಗುಲ ಕೆಳಗೆ ಕತ್ತರಿಸಿ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಕತ್ತರಿಯನ್ನು ಶೇಕಡ 1ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಕೂಲಿಯವರು ಬೇಸರಪಡುತ್ತಾರೆ, ಆದರೂ ಇದನ್ನು ಬಿಡಬಾರದು. ಕತ್ತರಿಸಿದ ರೆಂಬೆ, ಉದುರಿದ ಎಲೆ, ಕಾಯಿಗಳನ್ನು ಬದುವಿನ ಮೇಲೆ ರಾಶಿ ಹಾಕದೆ ಸುಡಬೇಕು. ಕಡಿದ ತುದಿಗಳಿಗೆ ಶೇಕಡ 10ರ ಬೋರ್ಡೋ ಮುಲಾಮನ್ನು, ಎಂದರೆ 10 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ ಬೆರೆಸಿದ್ದನ್ನು, ಹಚ್ಚಬೇಕು. ಸವರಿದ ನಂತರ ಗಿಡಕ್ಕೆ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಇದಕ್ಕೆ ಅದೇ ಪ್ರಮಾಣಗಳಿಗೆ ನೀರು 100 ಲೀಟರ್. ನೆರೆಯ ತೋಟದವರೂ ಜೊತೆಗೂಡಿದರೆ ಮಾತ್ರ ಫಲ. ಒಂದು ತೋಟ ಶುಚಿಯಾಗಿದ್ದು ಪಕ್ಕದ್ದು ಪಾಳು ಬಿದ್ದರೆ ಮಳೆಗಾಳಿ ಬೇಲಿ ನೋಡುವುದಿಲ್ಲ.

ಟೊಮೆಟೊ ಹಸಿರಾಗಿದ್ದಂತೆಯೇ ಬಾಡಿದರೆ ಕಾಂಡವನ್ನು ಓರೆಯಾಗಿ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಡಿ. ಕೆಲವು ನಿಮಿಷಗಳಲ್ಲಿ ಹಾಲಿನ ಎಳೆಯಂತೆ ಇಳಿದರೆ ಅದು ದುಂಡಾಣು ಸೊರಗು ರೋಗ. ಇದಕ್ಕೆ ಎಲೆಯ ಮೇಲೆ ಸ್ಟ್ರೆಪ್ಟೊಮೈಸಿನ್ ಹೊಡೆಯುವುದು ಹಣವನ್ನು ಗಾಳಿಗೆ ತೂರಿದಂತೆ. ರೋಗಾಣು ಇರುವುದು ಮಣ್ಣಿನಲ್ಲಿ ಮತ್ತು ಕಾಂಡದ ಒಳಗೆ. ಅಂತಹ ತಾಕಿಗೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕದೆ ರಾಗಿ ಅಥವಾ ಮುಸುಕಿನ ಜೋಳ ಹಾಕಬೇಕು. ಟೊಮೆಟೊವನ್ನೇ ಬೆಳೆಯಬೇಕೆಂದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂತಹ ನಿರೋಧಕ ತಳಿಗಳಿವೆ.

ಫಾಲ್ ಸೈನಿಕ ಹುಳುವಿಗೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. ಯನ್ನು ಲೀಟರ್ ನೀರಿಗೆ 0.4 ಗ್ರಾಂ ಬೆರೆಸಿ ಸುಳಿಯೊಳಗೆ ಇಳಿಯುವಂತೆ ಹಾಕಬೇಕು. ಒಂದೇ ಬೆಳೆಗೆ ಅದನ್ನೇ ಮೂರು ನಾಲ್ಕು ಸಲ ಹಾಕುವ ಅಭ್ಯಾಸ ಒಳ್ಳೆಯದಲ್ಲ.

ಹಾಲಿನ ವಿಷಯವೂ ಇದಕ್ಕೇ ಸೇರಿದ್ದು. ಕೆಚ್ಚಲು ಬಾವಿಗೆ ಮದ್ದು ಕೊಡಿಸಿದ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದ ದಿನಗಳವರೆಗೆ ಸಂಘಕ್ಕೆ ಹಾಕಬಾರದು, ಮನೆಯ ಮಕ್ಕಳಿಗೂ ಕೊಡಬಾರದು. ಹೆಪ್ಪು ಹಾಕಿದ ಹಾಲು ಮೊಸರಾಗದೆ ಹಾಗೆಯೇ ಉಳಿದರೆ ಮನೆಯಾಕೆ ಹೆಪ್ಪನ್ನು ದೂರುತ್ತಾಳೆ. ಹಾಲಿನಲ್ಲಿ ಉಳಿದ ಪ್ರತಿಜೈವಿಕವೂ ಅದಕ್ಕೆ ಕಾರಣವಾಗಿರಬಹುದು. ಮೊಸರು ಮಾಡುವುದೂ ದುಂಡಾಣುವೇ. ತಟ್ಟೆಯ ಮೇಲೆ ವಿಜ್ಞಾನಿ ಕಾಣುವ ಬರಿಯ ಜಾಗವೇ ತಮ್ಮ ಮನೆಯ ಮೊಸರಿನ ಪಾತ್ರೆಯಲ್ಲಿ ಕಾಣುವುದೂ.

ರೋಗ ಯಾವುದೆಂದು ಸಂದೇಹವಿದ್ದರೆ ಬೇರು, ಬುಡದ ಮಣ್ಣು ಸಹಿತವಾಗಿ ಇಡೀ ಗಿಡವನ್ನು ಕಿತ್ತು, ಕಾಗದದಲ್ಲಿ ಸುತ್ತಿ, ಚಿಂತಾಮಣಿಯ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಂದೇ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ತಂದರೆ ದಾರಿಯಲ್ಲೇ ಕೊಳೆತು ಯಾವ ಜೀವಿಯ ಕೆಲಸವೆಂದು ಹೇಳಲಾಗುವುದಿಲ್ಲ. ಹಿಂದಿನ ಮೂರು ವಾರಗಳಲ್ಲಿ ಏನೇನು ಸಿಂಪಡಿಸಿದ್ದೀರಿ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ.